ಮಡಿ ಮತ್ತು ಬಿಸಿಲು

ಅತ್ತೆ ಮಡಿಯಲ್ಲಿದ್ದಾಗ ಫೋನು ಮುಟ್ಟುವುದಿಲ್ಲ ಎಂಬ ಸಂಗತಿಯನ್ನು ಮಂಜುಷಾ ಇಷ್ಟು ವರ್ಷ ಕಾಲೇಜಿನ ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಹೇಳುತ್ತ ಬಂದಿದ್ದಳು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆವತ್ತು ಬೆಳಿಗ್ಗೆ ಬ್ರಹ್ಮಪುರದ ಮನೆಯ ಪಡಸಾಲೆಯಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಾಗ ಮಾತ್ರ ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಅವಳಿಗೆ ನೆನಪಾಗಲಿಲ್ಲ. ಒಳಗಿನ ದೇವರ ಅಡುಗೆಮನೆಯಲ್ಲಿ ಪಾರ್ವತೀಬಾಯಿ ಶೇಗಡಿಯ ಮುಂದೆ ಕೂತು ಇದ್ದಿಲಿಗೆ ಬೀಸಣಿಗೆ ಬೀಸುತ್ತಿದ್ದರು. ಎಂಬತ್ತು ದಾಟಿದ ಜೀವ, ರಾತ್ರಿ ಗಳದ ಮೇಲೆ ಒಣಹಾಕಿದ್ದ ಮಡಿಸೀರೆ, ತೆರೆದರೆ ಬೀದಿಯ ಮೈಲಿಗೆ ಒಳಬರುತ್ತದೆಂದು ಮುಚ್ಚಿದ ಕಿಟಕಿ, ಮೇ ತಿಂಗಳ ಕಲಬುರಗಿ. ಗ್ಯಾಸಿನ ಒಲೆ ಹೊರಗಿನ ಅಡುಗೆಮನೆಯಲ್ಲಿದೆ, ಕೂಲರ್ ಪಡಸಾಲೆಯಲ್ಲಿದೆ, ಎರಡೂ ಅತ್ತೆಯ ದೇವರಿಗೆ ಸಂಬಂಧಪಟ್ಟವಲ್ಲ. ಅಡುಗೆಯಾಗಿ, ಕೃಷ್ಣನ ಪಟದ ಮುಂದೆ ನೈವೇದ್ಯವಿಟ್ಟು, ಆಮೇಲೆ ಒಂದು ಗುಟುಕು ನೀರು. ಅಲ್ಲಿಯತನಕ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರು ಏನನ್ನೂ ಕುಡಿಯುವಂತಿಲ್ಲ. ಮಂಜುಷಾ ಸೊಸೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ಬೆಳಗಿನ ತಂಪಿನಲ್ಲೇ ಮುಗಿದುಹೋಗುತ್ತಿತ್ತು. ಈಗ ಕೈ ನಿಧಾನ, ಬಿಸಿಲು ಅವಸರ. ಎರಡೂ ಸೇರಿ ನೈವೇದ್ಯ ನಡುಹಗಲಿಗೆ ಬಂದು ಕೂತಿದೆ.

“ಹೊಂಟ್ಯಾ ಮಂಜೂ?” ಒಳಗಿನಿಂದ ಅತ್ತೆ ಕೇಳಿದರು.

“ಹೊಂಟೀನ್ರಿ ಅತ್ಯಾ. ಒಂದು ಗುಟುಕರೆ ನೀರು ಕುಡೀರಿ.”

“ನೈವೇದ್ಯ ಆಗ್ಲಿ.”

“ಅದು ಆಗೋದ್ರಾಗ ಮಧ್ಯಾಹ್ನ ಆಗ್ತದ.”

“ಅವನೂ ಕುಡದಿಲ್ಲಲ್ಲ. ನನಗಿಂತ ಮುದುಕ ಅವಾ. ಸುಮ್ಮನ ಕೂತಾನ ನೋಡು, ನಿನ್ನಂಗ ವಟವಟ ಅನ್ನಂಗಿಲ್ಲ.” ಬೀಸಣಿಗೆಯ ಸದ್ದು ನಿಂತಿತು. “ಕಮಲಾಪುರದಾಗ ಏನು ಹೇಳ್ಲಿಕ್ಕೆ ಹೊಂಟಿ?”

“ಬಿಸಲಾಗ ಹೆಂಗ ಇರಬೇಕು ಅಂತ.”

“ಹಾಂ, ಹೇಳಿ ಬಾ. ಅವರಾದ್ರೂ ಕೇಳ್ಯಾರು,” ಎಂದು ಅತ್ತೆ ಮತ್ತೆ ಬೀಸತೊಡಗಿದರು.

ಹೊರಬಾಗಿಲ ಪಕ್ಕದ ಗೂಡಿನಲ್ಲಿ ಎದುರುಮನೆಯ ಮರಿಯಮ್‌ಳ ಸ್ಟೀಲಿನ ವಾಟಿ ಇತ್ತು. ಊರಿಗೆ ಹೋಗುವ ಮುಂಚೆ ಅದರ ತುಂಬ ಲಿಂಬೆಹಣ್ಣು ತಂದುಕೊಟ್ಟಿದ್ದಳು. ಹಸಿ ಕಾಯಿ, ಹಣ್ಣು, ಬೆಲ್ಲ, ಇಂಥವಕ್ಕೆ ಅತ್ತೆಯ ಮಡಿ ಅಡ್ಡಬರುವುದಿಲ್ಲ. ಮೂವತ್ತು ವರ್ಷದಿಂದ ಆ ಎರಡು ಮನೆಗಳ ನಡುವೆ ಒಂದಲ್ಲ ಒಂದು ವಾಟಿ ಓಡಾಡುತ್ತಲೇ ಇದೆ, ಒಮ್ಮೆಯೂ ಖಾಲಿ ಹೋಗಿಲ್ಲ, ಖಾಲಿ ಬಂದಿಲ್ಲ. ಮರಿಯಮ್ ಈಗ ಮನೆಯಲ್ಲಿದ್ದಿದ್ದರೆ ಒಂದು ಸಲ ಕಿಟಕಿ ಬಡಿದು ‘ಮಾಜೀ’ ಎಂದು ಕೂಗಿ ನೋಡು ಅನ್ನಬಹುದಿತ್ತು. ಮಂಜುಷಾ ಬಾಗಿಲೆಳೆದುಕೊಂಡು ಬೀದಿಗಿಳಿದಳು.

ಹೋದ ವಾರದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾದಗಿರಿಯ ಬ್ಯಾಂಕಿನಿಂದ ರವಿವಾರಕ್ಕೊಮ್ಮೆ ಬರುವ ಗಂಡ ಸುಮಂತನಿಗೂ. ಆಟೋ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಸಿಕ್ಕಿಕೊಂಡು, ಎದುರಿನ ಬಟ್ಟೆ ಅಂಗಡಿಯವನು ಮೆಟ್ಟಿಲಿಗೆ ನೀರು ಸುರಿಯುತ್ತಿರುವುದನ್ನು ನೋಡುತ್ತ ಕೂತಾಗ ಅದೇ ಮತ್ತೆ ಕಣ್ಣಮುಂದೆ ಬಂತು. ಆವತ್ತು ಕಾಯಿಪಲ್ಯದ ಚೀಲ ಹಿಡಿದು ಮನೆಗೆ ಬಂದಾಗ ಸಾರು ಉಕ್ಕಿ ಇದ್ದಿಲ ಮೇಲೆ ಸುರ್ರೆನ್ನುತ್ತಿತ್ತು, ಅತ್ತೆ ಗೋಡೆಗೆ ಜಾರಿ ಬಿದ್ದುಕೊಂಡಿದ್ದರು, ಕಣ್ಣು ಮುಚ್ಚಿತ್ತು. ಮಂಜುಷಾ ಚೀಲ ಬಿಸಾಕಿ ಓಡಿದಳು. ಹೊಸ್ತಿಲ ಹತ್ತಿರ ಅವಳ ಕಾಲು ನಿಂತುಬಿಟ್ಟಿತು. ರಸಾಯನಶಾಸ್ತ್ರ ಓದಿದ ಕಾಲು, ಮಕ್ಕಳಿಗೆ ಮಡಿ ಮೈಲಿಗೆ ಎಂಬುದೆಲ್ಲ ಮನುಷ್ಯ ಕಟ್ಟಿಕೊಂಡದ್ದು ಎಂದು ಪಾಠ ಹೇಳುವವಳ ಕಾಲು. ಒದ್ದೆಬಟ್ಟೆಯಲ್ಲಿದ್ದವರು ಮಡಿಯವರನ್ನು ಮುಟ್ಟಬಹುದು ಎಂಬುದು ಮನೆಯ ನಿಯಮ. ಅವಳು ತಿರುಗಿ ಬಚ್ಚಲಿಗೆ ಓಡಿ, ಉಟ್ಟ ಸೀರೆಯ ಮೇಲೆಯೇ ತಂಬಿಗೆ ತಂಬಿಗೆ ನೀರು ಸುರಿದುಕೊಂಡು, ತೊಪ್ಪೆಯಾಗಿ ಓಡಿಬಂದು, ಆಮೇಲೆ ಅತ್ತೆಯನ್ನು ಎತ್ತಿ ಎದೆಗೊರಗಿಸಿಕೊಂಡಳು. ಅತ್ತೆ ಕಣ್ಣು ತೆರೆದು, “ಸಾರು ಹೊತ್ತಿತೇನು?” ಎಂದರು. ಆ ಓಡಾಟದಲ್ಲಿ ಅತ್ತೆ ಸತ್ತುಹೋಗಿದ್ದರೆ? ನೀರು ಸುರಿದುಕೊಳ್ಳುತ್ತಿದ್ದಾಗಲೇ ಹೋಗಿಬಿಟ್ಟಿದ್ದರೆ, ತಾನು ಶುದ್ಧಳಾಗಿ ಹೋಗಿ ಏನನ್ನು ಮುಟ್ಟಬೇಕಿತ್ತು? ಆಟೋದವನು ಹಾರ್ನ್ ಮೇಲೆ ಹಾರ್ನ್ ಹೊಡೆದು ದಾರಿ ಮಾಡಿಕೊಂಡ.

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಕೆಲವು ಮನೆಗಳವರು ಸೇರಿ ಅವಳನ್ನು ಕರೆಸಿದ್ದರು. ಶಾಲೆಯ ಪಕ್ಕದ ಸಭಾಭವನ, ತಗಡಿನ ಮಾಡು, ಮೇಲೆ ತಿರುಗುವ ಫ್ಯಾನು ಕಾದ ಗಾಳಿಯನ್ನೇ ಹಂಚುತ್ತಿತ್ತು. ಮುಂದಿನ ಸಾಲಿನಲ್ಲಿ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡ ಗಂಡಸರು, ಪಕ್ಕದಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುವ ಹೆಂಗಸರು. ಮಾತು ಚೆನ್ನಾಗಿಯೇ ಶುರುವಾಯಿತು. ಬಿಸಿಲು ಬೇರೆ, ಬಿಸಿಲಿನ ಅಪಾಯ ಬೇರೆ ಎಂದಳು. ಅದೇ ಬಿಸಿಲಿನಲ್ಲಿ ನೆರಳು, ನೀರು, ಕರೆದರೆ ಓಗೊಡುವ ಒಬ್ಬರು ಇದ್ದರೆ ಅಪಾಯ ಅರ್ಧಕ್ಕಿಳಿಯುತ್ತದೆ ಎಂದಳು. “ಮುಚ್ಚಿದ ಕೋಣೆಯಾಗ, ವಯಸ್ಸಾದವರು, ಒಬ್ಬರ…” ಎಂದವಳು ಅಲ್ಲೇ ನಿಂತಳು. ಕೈ ತಾನಾಗಿ ಮೇಜಿನ ಮೇಲಿದ್ದ ಫೋನಿನ ಕಡೆ ಹೋಯಿತು. ನೈವೇದ್ಯ ಮುಗಿಯುವ ಹೊತ್ತಾಗಿತ್ತು. ಮುಗಿದಿದ್ದರೆ ಅತ್ತೆ ಫೋನು ಎತ್ತುತ್ತಾರೆ. ಎತ್ತದಿದ್ದರೆ ಇನ್ನೂ ಮಡಿಯಲ್ಲಿದ್ದಾರೆ ಎಂದೂ ಆಗಬಹುದು, ಗೋಡೆಗೆ ಜಾರಿದ್ದಾರೆ ಎಂದೂ ಆಗಬಹುದು. ಎರಡಕ್ಕೂ ಫೋನು ಒಂದೇ ರೀತಿ ರಿಂಗಾಗುತ್ತದೆ. “ಒಂದು ನಿಮಿಷ,” ಎಂದು ಕಿಟಕಿಯ ಕಡೆ ಹೋಗಿ ಮನೆಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು.

ಹೊಳ್ಳಿ ಬಂದು ಮಾತು ಮುಂದುವರಿಸಿ, ಗಾಳಿಯಲ್ಲಿ ಕಾರ್ಬನ್ ಯಾಕೆ ಹೆಚ್ಚುತ್ತಿದೆ ಎಂಬಲ್ಲಿಗೆ ಬಂದಾಗ ದೌಲಪ್ಪ ಮಾಸ್ತರರು ಎದ್ದುನಿಂತರು. ನಿವೃತ್ತ ಹೆಡ್‌ಮಾಸ್ತರ್, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

“ಮೇಡಮ್ಮೋರ, ನಂದೊಂದು ಶಂಕಾ ಅದ. ಗಿಡಾ ಉಸರಾಡ್ತಾವ, ಮಣ್ಣು ಉಸರಾಡ್ತದ, ಸಮುದ್ರನೂ ಬಿಡ್ತದ. ಒಟ್ಟ ನೂರು ಪಾಲು ಕಾರ್ಬನ್ ಬಿಟ್ರ ಮನುಷ್ಯಾಂದು ಐದು ಪಾಲು ಆಗಂಗಿಲ್ಲ ಅಂತ ನಾನೇ ಓದೀನಿ. ತೊಂಬತ್ತೈದು ಪಾಲು ಬಿಡೋ ನಿಸರ್ಗಕ್ಕ ಯಾರೂ ನೋಟೀಸ್ ಕೊಡಂಗಿಲ್ಲ. ಐದು ಪಾಲಿನ ನಮ್ಮನ್ನ ಯಾಕ ಹಿಡಕೊಂಡೀರಿ?”

ಇಡೀ ಸಭೆ ನಕ್ಕಿತು. ಒಳ್ಳೆಯ ಪ್ರಶ್ನೆ, ಅವಳು ಪ್ರತಿ ವರ್ಷ ಕ್ಲಾಸಿನಲ್ಲಿ ಉತ್ತರಿಸುವ ಪ್ರಶ್ನೆ. ಬೋರ್ಡಿನ ಮೇಲೆ ಎರಡು ಬಾಣದ ಗುರುತು ಹಾಕಿದರೆ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ತಲೆಯೊಳಗೆ ಬ್ರಹ್ಮಪುರದ ಮನೆಯ ಖಾಲಿ ಪಡಸಾಲೆಯಲ್ಲಿ ಫೋನೊಂದು ರಿಂಗಾಗುತ್ತಿತ್ತು. “ಅದು ಸಮತೋಲನದ…” ಎಂದಳು, “ನಿಸರ್ಗದ್ದು ಏನದ ಅಂದ್ರ, ಅದು ನಿವ್ವಳ ಲೆಕ್ಕದಾಗ…” ಎಂದಳು. “ಸರ, ಉತ್ತರ ಅದ. ನನಗೀಗ ಬರವಲ್ದು.” ಹಿಂದೆ ಯಾರೋ ಕಿಸಕ್ಕೆಂದರು. ದೌಲಪ್ಪನವರಿಗೇ ಕಸಿವಿಸಿಯಾಗಿ, “ಇರ್ಲಿ ಬಿಡ್ರಿ ಮೇಡಂ, ಬಿಸಲ ಭಾಳ ಅದ,” ಎಂದು ಕೂತುಬಿಟ್ಟರು. ಆ ಕರುಣೆ ಅವಳಿಗೆ ನಗುವಿಗಿಂತ ಹೆಚ್ಚು ಚುಚ್ಚಿತು. ತಾನು ಬೇಗ ಹೊರಡಬೇಕು ಎಂದು ಹೇಳಿ, ಶಾಲು ಹೊದಿಸುವವರೆಗೂ ನಿಲ್ಲದೆ ಇಳಿದುಬಂದಳು.

ಬಸ್ ಬರುವತನಕ ನೆರಳಲ್ಲಿ ಕೂಡಿ ಎಂದು ಭಾಗಮ್ಮ ಎಂಬಾಕೆ ಅವಳನ್ನು ರಸ್ತೆ ಪಕ್ಕದ ತನ್ನ ಮನೆಯಂಗಳಕ್ಕೆ ಕರೆದುಕೊಂಡು ಹೋದಳು. ಎರಡೆಕರೆ ಬಾಳೆ ಇರುವ ಗಟ್ಟಿ ಹೆಂಗಸು, ಮಾತಿಗೆ ಮೊದಲು ಕೈ ಹಿಡಿಯುವ ಸ್ವಭಾವ. ಬೇವಿನ ಕೆಳಗೆ ನೆಲಕ್ಕೆ ಮುಚ್ಚಿದ ದೊಡ್ಡ ಪರಸಿಕಲ್ಲಿನ ಮೇಲೆ ಕೂರಿಸಿ ಮಡಕೆಯ ನೀರು ಕೊಟ್ಟಳು.

“ಯಾಕ ತಾಯೀ, ಮಾರಿ ಇಷ್ಟ ಸಣ್ಣದು ಮಾಡ್ಕೊಂಡೀರಿ? ಮಾಸ್ತರಗ ಮಂದ್ಯಾಗ ಪ್ರಶ್ನಿ ಹಾಕೋ ಚಟಾ ಅದ. ಮನಸಿಗಿ ಹಚ್ಕೋಬ್ಯಾಡ್ರಿ.”

“ಅದಲ್ಲವ್ವಾ. ಮನ್ಯಾಗ ನಮ್ಮತ್ತಿ ಒಬ್ಬಾಕಿ ಇದ್ದಾಳ. ಮಡಿಯಾಗಿದ್ದಾಳೋ ಏನೋ, ಫೋನ ಎತ್ತವಲ್ಲಳು.”

ಎದುರಿಗೆ ಬಹುವಚನ, ಬೇರೆಯವರ ಮುಂದೆ ಏಕವಚನ. ಅತ್ತೆಯ ಮೇಲೆ ಪ್ರೀತಿ ಉಕ್ಕಿದಾಗಲೆಲ್ಲ ಮಂಜುಷಾಗೆ ಹೀಗಾಗುತ್ತಿತ್ತು. ಭಾಗಮ್ಮ ಇನ್ನೇನೂ ಕೇಳದೆ ಒಳಗೆ ಹೋಗಿ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದಳು. “ಅತ್ತಿಯವರಿಗಿ ಕೊಡ್ರಿ. ಹಣ್ಣಿಗಿ ಎಂಥಾ ಮಡಿ?” ಎಂದಳು. ಕಲ್ಲು ಕೆಳಗಿನಿಂದ ತಣ್ಣಗೆ ತಾಗುತ್ತಿತ್ತು. ಇದು ಹಗೇವು, ಮಾವನ ಕಾಲದಲ್ಲಿ ನೆಲದೊಳಗೆ ಜೋಳ ತುಂಬಿಡುತ್ತಿದ್ದರು, ಈಗ ಮುಚ್ಚಿಬಿಟ್ಟಿದ್ದೇವೆ ಎಂದು ಭಾಗಮ್ಮ ಹೇಳುತ್ತಿದ್ದಳು. ಅಷ್ಟರಲ್ಲಿ ಹುಮನಾಬಾದಿನ ಕಡೆಯಿಂದ ಬಸ್ಸು ಬಂತು.

ಬಸ್ಸಿನ ಸರಳು ಮುಟ್ಟಿದರೆ ಸುಡುತ್ತಿತ್ತು. ಮತ್ತೆ ಫೋನು ಹಚ್ಚಿದಳು, ಮತ್ತೆ ಬರಿ ರಿಂಗು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಈ ಹಣ್ಣಿನಲ್ಲಿ ನಾಲ್ಕನ್ನು ಮರಿಯಮ್‌ಳ ವಾಟಿಗೆ ಹಾಕಬೇಕು ಎಂದುಕೊಂಡಳು, ಏನನ್ನಾದರೂ ಅಂದುಕೊಳ್ಳಬೇಕಲ್ಲ ಎಂದು. ಲಿಂಬೆ ಬಂತು, ಬಾಳೆ ಹೋಗುತ್ತದೆ. ಆಗ ಮಾಸ್ತರರ ಪ್ರಶ್ನೆಗೆ ಉತ್ತರ ಬಂತು, ಸಭೆ ಮುಗಿದ ಮೇಲೆ, ಯಾರಿಗೂ ಬೇಡವಾದ ಹೊತ್ತಿನಲ್ಲಿ. ನಿಸರ್ಗದ್ದು ಓಣಿಯ ವಾಟಿ. ಗಿಡ ಬಿಡುತ್ತದೆ, ಗಿಡ ತಗೊಳ್ಳುತ್ತದೆ. ಸಮುದ್ರ ಕೊಡುತ್ತದೆ, ಸಮುದ್ರ ಇಸಕೊಳ್ಳುತ್ತದೆ. ದಿನಕ್ಕೆ ತೊಂಬತ್ತೈದು ವಾಟಿ ಓಡಾಡಿದರೂ ಸಂಜೆಗೆ ಯಾರ ಮನೆಯಲ್ಲೂ ಏನೂ ಉಳಿಯುವುದಿಲ್ಲ. ನಾವು ಮಾತ್ರ ಹಗೇವಿನ ಕಲ್ಲು ಸರಿಸಿ, ಕೋಟಿ ವರ್ಷದಿಂದ ನೆಲದಲ್ಲಿ ಮುಚ್ಚಿಟ್ಟದ್ದನ್ನು ತೆಗೆದು, ದಿನಾ ಐದು ವಾಟಿ ಹೆಚ್ಚಿಗೆ ಓಣಿಗೆ ತರುತ್ತಿದ್ದೇವೆ. ನೆರೆಯವರು ಒಳ್ಳೆಯವರು, ಅರ್ಧದಷ್ಟನ್ನು ಹೇಗೋ ಒಳಗಿಟ್ಟುಕೊಳ್ಳುತ್ತಾರೆ. ಉಳಿದರ್ಧ ಓಣಿಯಲ್ಲೇ ಕೂತಿದೆ, ನಿನ್ನೆಯದರ ಮೇಲೆ ಇವತ್ತಿನದು. ಐದೇ ಪಾಲು ಹೌದು ಮಾಸ್ತರ, ಆದರೆ ಹೊಳ್ಳಿ ಇಸಕೊಳ್ಳುವವರಿಲ್ಲದ ಐದು. ಇಷ್ಟು ಸುಲಭದ್ದನ್ನು ಹೇಳಲಾಗದೆ ತೊದಲಿದ್ದಕ್ಕೆ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಬೆನ್ನಿಗೇ ಇನ್ನೊಂದು ಬಂತು. ತನಗೂ ಅತ್ತೆಗೂ ನಡುವೆ ದಿನಾ ಎಷ್ಟು ಬೈಗಳು, ಎಷ್ಟು ಅಕ್ಕರೆ ಹೋಗಿ ಬಂದು ಮಾಡುತ್ತದೆ. ಸಂಜೆ ಚಹಾದ ಹೊತ್ತಿಗೆ ಎಲ್ಲ ಸರಿಸಮ. ಹೊಸ್ತಿಲಲ್ಲಿ ಕಾಲು ನಿಂತದ್ದೊಂದು ಮಾತ್ರ ಹಾಗೆ ಹೋಗಿಲ್ಲ, ಒಂದು ವಾರದಿಂದ ಎದೆಯಲ್ಲೇ ಕೂತಿದೆ. ಬಸ್ಸು ಟೋಲ್ ಗೇಟಿನ ಬಳಿ ನಿಂತಾಗ ಅವಳು ಪಕ್ಕದವಳಿಗೆ ಕಾಣದಂತೆ ಕಣ್ಣೊರೆಸಿಕೊಂಡಳು.

ಆಟೋದವನಿಗೆ ಮನೆಯ ಮುಂದೆಯೇ ನಿಲ್ಲಿಸಲು ಹೇಳಿ ಒಳಗೆ ಓಡಿದಳು. ಫೋನು ಪಡಸಾಲೆಯ ಮೇಜಿನ ಮೇಲಿತ್ತು. ಒಳಗೆ ಬೀಸಣಿಗೆಯ ಸದ್ದಿರಲಿಲ್ಲ. ಅನ್ನ ಸಾರು ಇಳಿಸಿಟ್ಟದ್ದು ಕಂಡಿತು, ಎಲೆ ಹಾಕಿದ್ದು ಕಂಡಿತು, ನೈವೇದ್ಯ ಇನ್ನೂ ಆಗಿರಲಿಲ್ಲ. ಅತ್ತೆ ಗೋಡೆಗೊರಗಿ ಕೂತಿದ್ದರು, ತಲೆ ಒಂದು ಕಡೆ ವಾಲಿತ್ತು, ಮುಖ ಒಣಗಿ ಕೆಂಪಗಾಗಿತ್ತು. ಮಂಜುಷಾಳ ಮೈಮೇಲೆ ಕಮಲಾಪುರದ ಧೂಳಿತ್ತು, ಬಸ್ಸಿನ ನಾಲ್ಕಾರು ಜನರ ಬೆವರಿತ್ತು, ಕಾಲಲ್ಲಿ ಚಪ್ಪಲಿಯೂ ಇತ್ತು. ಈ ಸಲ ಕಾಲನ್ನು ಅವಳು ಏನೂ ಕೇಳಲಿಲ್ಲ. ಹೊಸ್ತಿಲು ದಾಟಿ ಹೋಗಿ ಅತ್ತೆಯ ಎರಡೂ ಕೈ ಹಿಡಿದಳು.

“ಅತ್ಯಾ.”

ಪಾರ್ವತೀಬಾಯಿ ಕಣ್ಣು ತೆರೆದರು. ಹಿಡಿದ ಕೈಯನ್ನು ನೋಡಿದರು, ಚಪ್ಪಲಿಯನ್ನು ನೋಡಿದರು. “ಮುಟ್ಟಿದ್ಯಾ?”

“ಮುಟ್ಟಿದೆರಿ.”

“ಬಸ್ಸಿನ್ಯಾಗಿಂದ ಸೀದಾ ಬಂದು?”

“ಸೀದಾ ಬಂದು.”

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. “ಇನ್ನ ನಾ ಮತ್ತ ನೀರು ಹಾಕ್ಕೋಬೇಕು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದನಿಯೇ ಹೆಚ್ಚಿರಲಿಲ್ಲ. ಮಂಜುಷಾ ಅವರನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಚ್ಚಲಿಗೆ ಕರೆದೊಯ್ದು ಮಣೆಯ ಮೇಲೆ ಕೂರಿಸಿದಳು. ತಾಮ್ರದ ಹಂಡೆಯ ನೀರು ನೆರಳಿನಲ್ಲಿದ್ದದ್ದಕ್ಕೆ ತಂಪಾಗಿತ್ತು. ಮೊದಲು ಪಾದಕ್ಕೆ ಹಾಕಿದಳು, ಆಮೇಲೆ ಭುಜಕ್ಕೆ, ಆಮೇಲೆ ನೆತ್ತಿಗೆ. ನೆತ್ತಿಯಿಂದ ನೀರು ಮುಖದ ಮೇಲೆ ಇಳಿಯುವಾಗ ಅತ್ತೆ ಬಾಯಿ ಸ್ವಲ್ಪ ತೆರೆದರು. ಗಂಟಲು ಮೇಲೆ ಕೆಳಗೆ ಆಡಿತು. ನೈವೇದ್ಯಕ್ಕೆ ಮೊದಲೇ ಒಂದು ಗುಟುಕು ಒಳಗೆ ಹೋಯಿತು, ಅದರ ಹಿಂದೆ ಇನ್ನೊಂದು. ಮಂಜುಷಾ ಹಂಡೆಯ ಕಡೆ ಮುಖ ತಿರುಗಿಸಿಕೊಂಡು, ಕೈ ಮಾತ್ರ ನಿಲ್ಲಿಸದೆ, ನಿಧಾನಕ್ಕೆ ಸುರಿಯುತ್ತ ಹೋದಳು.

“ಇನ್ನೊಂದು ತಂಬಗಿ ಹಾಕು,” ಎಂದರು ಅತ್ತೆ. ಆಮೇಲೆ, “ಹೋದ ವಾರ ನಾ ಕಣ್ಣು ಮುಚ್ಚಿದ್ದೆ, ಖರೇ. ಪೂರಾ ಮುಚ್ಚಿದ್ದಿಲ್ಲ. ನೀ ಹೊಸ್ತಿಲಕ್ಕ ಬಂದು ನಿಂತಿದ್ದು ನೋಡ್ದೆ.”

ತಂಬಿಗೆ ಅವಳ ಕೈಯಲ್ಲೇ ನಿಂತಿತು. ಇದನ್ನು ಇಂಥ ಹೊತ್ತಿನಲ್ಲಿ, ನೆನೆದು ಕೂತ ಮುದುಕಿಯ ಬಾಯಿಂದ ಕೇಳಬೇಕಾಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. “ತಪ್ಪಾತ್ರಿ ಅತ್ಯಾ,” ಎಂದಳು.

“ನಿಂದಷ್ಟ ಏನು? ನೆಲಕ್ಕ ಬಿದ್ದು, ಉಸಿರು ಹೋಗ್ಲಿಕ್ಕತ್ತದ, ನಾ ಏನು ಬೇಡ್ಕೊಳ್ಳಿಕ್ಕತ್ತಿದ್ದೆ ಗೊತ್ತೇನು? ಕೃಷ್ಣಾ, ಈಕಿ ನನ್ನ ಮುಟ್ಟದಿರ್ಲಪ್ಪಾ ಅಂತ. ಕಾಪಾಡು ಅಂತ ಬೇಡ್ಕೋಬೇಕಿಲ್ಲೇನು? ನೀ ತೊಯ್ಸಿಕೊಂಡು ಬಂದು ಹಿಡದಾಗ ಎಷ್ಟು ತಂಪನಿಸ್ತು ಅಂದ್ರ, ಇನ್ನೂ ಸ್ವಲ್ಪ ಹಿಡ್ಕೊಂಡಿರ್ಲಿ ಅಂತ ಸುಮ್ಮನ ಬಿದ್ದಿದ್ದೆ.” ಅತ್ತೆ ನಕ್ಕರು. “ಅತ್ತಿ ಸೊಸಿ ಇಬ್ರೂ ಒಂದ ನಮೂನಿ ಹುಚ್ಚರು. ಹಾಕು ನೀರು, ಯಾಕ ನಿಂತಿ?”

ಆ ದಿನ ನೈವೇದ್ಯ ಕೃಷ್ಣನಿಗೆ ತೀರಾ ಹೊತ್ತಾಗಿ ಸಿಕ್ಕಿತು. ಊಟವಾದ ಮೇಲೆ ಕೂಲರಿನ ಮುಂದೆ ಕಾಲು ಚಾಚಿಕೊಂಡು ಕೆಂಪು ಬಾಳೆಹಣ್ಣು ಸುಲಿಯುತ್ತ ಅತ್ತೆ ಕಮಲಾಪುರದ ಸುದ್ದಿ ಪೂರಾ ಕೇಳಿದರು. ವಾಟಿಯ ಮಾತು, ಹಗೇವಿನ ಮಾತು ಕೇಳಿ ಒಂದು ಕ್ಷಣ ಅವರ ಮುಖ ಚಿಕ್ಕದಾಯಿತು. “ಹಂಗಾದ್ರ ನನ್ನ ಶೇಗಡಿನೂ ಅದರಾಗ ಬಂತೇನು?”

“ನಿಮ್ಮ ಇದ್ದಲಿ ಜಾಲಿಗಿಡದ್ದು. ಕಡದಲ್ಲೆ ಮತ್ತ ಜಾಲಿ ಬೆಳದ್ರ ಅದು ಓಣಿ ವಾಟಿನ, ಗಿಡಾ ಹೊಳ್ಳಿ ಇಸ್ಕೊಳ್ತದ. ಹಗೇವಿಂದು ಅಂದ್ರ ನಮ್ಮ ಕಾಲೇಜಿನ ಎಸಿ ನಡಸೋ ಕರೆಂಟಿನ ಕಲ್ಲಿದ್ದಲಿ, ನಾ ಹೋಗಿ ಬಂದ ಬಸ್ಸಿನ ಡೀಸೆಲ್. ಆದ್ರ ನಿಮ್ಮ ಇದ್ದಲಿ ಹೊಗಿ ನಿಮ್ಮ ಎದಿಗೆ ಛಲೋ ಅಲ್ಲ. ಕಿಟಕಿ ತಗೀಬೇಕು.”

“ತಗಿ. ಆದ್ರ ಆ ಮಾಸ್ತರಗ ಫೋನ ಹಚ್ಚಿ ಉತ್ತರ ಹೇಳು ಮೊದಲ. ಪಾಪ, ನಿನ್ನ ಬಿಸಲಾಗ ಅಳಿಸಿ ಕಳಸಿದೆ ಅಂತ ಕೂತಿರ್ತಾನ.”

ದೌಲಪ್ಪನವರು ಪೂರ್ತಿ ಕೇಳಿ, “ಇದು ಬರೋಬ್ಬರಿ ಕೂತ್ತು ನೋಡ್ರಿ. ಅಂದ್ರ ಹಗೇವು ಮುಚ್ಚಬೇಕಂತೀರಿ,” ಎಂದರು. ಹೌದು, ಜಲ್ದಿ ಮುಚ್ಚಬೇಕು ಎಂದಳು. “ಮುಚ್ಚೋತನಕ ಏನು ಮಾಡೂದ್ರಿ?” ಎಂದು ಅವರು ಬಿಡದೆ ಕೇಳಿದರು. ಚಟ ಎಲ್ಲಿ ಹೋಗುತ್ತದೆ. “ಮುಚ್ಚೋತನಕ ಒಬ್ಬರಿಗೊಬ್ಬರು ನೆರಳು ನೀರು ನೋಡ್ಕೋಬೇಕ್ರಿ ಸರ,” ಎಂದಳು ಮಂಜುಷಾ. ಮಾತು ಸಣ್ಣದಾಯಿತೇನೋ ಅನ್ನಿಸಿತು. ಆದರೆ ಅವಳಿಗೆ ಆ ಹೊತ್ತಿಗೆ ಅದಕ್ಕಿಂತ ದೊಡ್ಡದು ಗೊತ್ತಿರಲಿಲ್ಲ.

ಮರುದಿನ ಕಾಲೇಜಿಗೆ ರಜೆಯಿತ್ತು. ಪಡಸಾಲೆಯಲ್ಲಿ ಕೂತು ಪೇಪರು ತಿದ್ದುತ್ತಿದ್ದಳು, ಮರಿಯಮ್‌ಳ ವಾಟಿಯಲ್ಲಿ ನಾಲ್ಕು ಕೆಂಪು ಬಾಳೆ ಗೂಡಿನಲ್ಲಿ ಕಾಯುತ್ತಿದ್ದವು. ಒಳಗೆ ಕಿಟಕಿ ತೆರೆದಿತ್ತು. ಬೀದಿಯ ಸದ್ದೆಲ್ಲ ನೇರ ದೇವರ ಅಡುಗೆಮನೆಗೆ ಬರುತ್ತಿತ್ತು, ಅತ್ತೆ ಅದಕ್ಕೆ ಗೊಣಗುತ್ತಿದ್ದುದೂ ಕೇಳುತ್ತಿತ್ತು. ಎದುರಿನ ಗೋಡೆಯ ನೆರಳು ಸರಿದು ಸರಿದು ಬುಡಕ್ಕೆ ಸೇರಿತು. ಬೀಸಣಿಗೆಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಮಂಜುಷಾ ಪೆನ್ನು ಹಿಡಿದ ಕೈಯಲ್ಲೇ ಎದ್ದುನಿಂತಳು.

“ಮಂಜೂ,” ಒಳಗಿನಿಂದ ಅತ್ತೆ ಕರೆದರು, ಹಂಡೆಗೆ ನೀರು ತುಂಬು ಅನ್ನುವಾಗಿನ ಅದೇ ಸಾದಾ ದನಿಯಲ್ಲಿ. “ಬಿಸಲು ಏರ್ತು. ಬಾ, ಮುಟ್ಟು.”